ಕೋಟೆಗಳೂ ಪ್ರೇತಗಳೂ

ದೀಪ ಹಚ್ಚುವ ಹೊತ್ತಿನಲ್ಲಿ ದೆವ್ವದ ಹೆಸರೆತ್ತಬಾರದೆಂಬುದು ನಮ್ಮ ಮನೆಗಳ ಹಳೆಯ ಕಟ್ಟಳೆ. ಈ ಭಾಷಣಕ್ಕೆ ಸಂಜೆಯ ವೇಳೆಯನ್ನೇ ಗೊತ್ತುಮಾಡಿದವರು ಅದನ್ನು ಮರೆತರೋ, ಬೇಕೆಂದೇ ಮೀರಿದರೋ ನಾವರಿಯೆವು. ಶ್ರೋತೃಗಳ ಮನೆಯ ಹಿರಿಯರು ಆಕ್ಷೇಪಿಸಿದರೆ ತಪ್ಪು ನಮ್ಮದಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಸ್ಕಾಟ್ಲೆಂಡಿನ ಆಂಗಸ್ ಪ್ರಾಂತದಲ್ಲಿ ಗ್ಲಾಮಿಸ್ ಎಂಬ ಪುರಾತನ ದುರ್ಗವೊಂದುಂಟು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಆ ದುರ್ಗದೊಳಗೆ ಯಾರೂ ಕಾಣದ ಗುಪ್ತ ಕೋಣೆಯೊಂದಿದೆಯಂತೆ. ಅದನ್ನು ಪತ್ತೆಮಾಡಲು ಅತಿಥಿಗಳು ಒಮ್ಮೆ ತಮಗೆ ಸಿಕ್ಕ ಕಿಟಕಿಗಳಿಗೆಲ್ಲ ಒಂದೊಂದು ವಸ್ತ್ರವನ್ನು ತೂಗುಹಾಕಿ ಹೊರಗೆ ಬಂದು ನೋಡಿದಾಗ, ವಸ್ತ್ರವಿಲ್ಲದ ಕಿಟಕಿಗಳೂ ಕಂಡವೆಂದು ಕಥೆ. ಭಾನುವಾರ ಇಸ್ಪೀಟಾಡಬಾರದೆಂಬ ನಿಯಮವನ್ನು ಮುರಿದ ಗಡ್ಡದ ಪ್ರಭುವೊಬ್ಬನು ಸೈತಾನನೊಡನೆ ಪ್ರಳಯಕಾಲದವರೆಗೂ ಆಡುತ್ತಲೇ ಇರುವನಂತೆ. ಇವೆಲ್ಲ ಬರಿಯ ವಿನೋದದ ಮಾತು. ಆದರೆ ಅಲ್ಲಿನ ಪ್ರಾರ್ಥನಾಮಂದಿರದಲ್ಲಿ ಬೂದುಬಣ್ಣದ ಉಡುಪಿನ ಸ್ತ್ರೀಯೊಬ್ಬಳು ಮೊಣಕಾಲೂರಿ ಕುಳಿತಿರುವುದನ್ನು ಕಂಡೆವೆನ್ನುವವರ ಮಾತನ್ನು ಹಾಗೆ ನಕ್ಕು ಬಿಡಲಾಗುವುದಿಲ್ಲ. ಆಕೆ ಆ ಮನೆಯ ಒಡತಿ ಜಾನೆಟ್ ಡಗ್ಲಸ್ ಎಂದು ಜನರ ನಂಬಿಕೆ. ಐದನೆಯ ಜೇಮ್ಸ್ ದೊರೆಗೆ ವಿಷವಿಕ್ಕಲು ಸಂಚು ಮಾಡಿದಳೆಂಬ ಆರೋಪದ ಮೇಲೆ ಆಕೆಯನ್ನು ೧೫೩೭ರಲ್ಲಿ ಎಡಿನ್‌ಬರೋದಲ್ಲಿ ಜೀವಸಹಿತ ಸುಟ್ಟರು. ದೊರೆಗೆ ಡಗ್ಲಸ್ ವಂಶದ ಮೇಲಿದ್ದ ಹಗೆಯೇ ಇದಕ್ಕೆ ಕಾರಣವೆಂದು ಚರಿತ್ರಕಾರರು ಬರೆದಿದ್ದಾರೆ. ನ್ಯಾಯಾಲಯದಲ್ಲಿ ದೊರೆಯದ ನ್ಯಾಯವನ್ನು ಜನ ಆಕೆಗೆ ಪ್ರೇತರೂಪದಲ್ಲಿ ಕೊಟ್ಟರು ಎಂದರೆ ಸಲ್ಲುವುದು.

ಈಗ ಗದಗು ಜಿಲ್ಲೆಯ ಎರೆಭೂಮಿಗೆ ಬರೋಣ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಹಳೆಯ ಊರುಗಳು. ರೋಣವನ್ನು ದ್ರೋಣಾಚಾರ್ಯರ ಹೆಸರಿನೊಂದಿಗೆ ಕೂಡಿಸಿ ದ್ರೋಣಪುರವೆನ್ನುವರು. ಅಲ್ಲಿ ಕಲ್ಲಿನ ಗುಡಿಗಳಿವೆ, ಕೋಟೆಯ ಕಥೆ ಹೆಚ್ಚಿಲ್ಲ. ನಮ್ಮ ಮಾತು ಬಹುಪಾಲು ನರಗುಂದದ್ದು.

ಬಯಲಿನ ನಡುವೆ ಒಮ್ಮೆಗೇ ಎದ್ದು ನಿಂತ ಕಡಿದಾದ ಗುಡ್ಡ. ಅದರ ನೆತ್ತಿಯ ಮೇಲೆ ಕೋಟೆ. ೧೭೮೫ರಲ್ಲಿ ಟಿಪ್ಪುಸುಲ್ತಾನನ ಸೈನ್ಯವು ಇದನ್ನು ಮುತ್ತಿ ಹಿಡಿದು, ಒಡೆಯನಾದ ವೆಂಕಟರಾವ್ ಭಾವೆಯನ್ನು ಕಬ್ಬಾಳದುರ್ಗದ ಸೆರೆಗೆ ಕಳುಹಿಸಿತು. ಕಬ್ಬಾಳದುರ್ಗವೆಂದರೇನೆಂಬುದನ್ನು ಮೈಸೂರಿನ ಶ್ರೋತೃಗಳಿಗೆ ನಾವು ವಿವರಿಸಬೇಕಾಗಿಲ್ಲ. ಎರಡು ವರ್ಷಗಳ ತರುವಾಯ ಗಜೇಂದ್ರಗಡದ ಒಪ್ಪಂದದಿಂದ ನರಗುಂದವು ಮರಾಠರಿಗೆ ಮರಳಿತು.

ಆ ಮನೆತನದ ಕಡೆಯ ಒಡೆಯ ಭಾಸ್ಕರರಾವ್. ಜನರ ಬಾಯಲ್ಲಿ ಬಾಬಾಸಾಹೇಬ. ವಿದ್ಯಾವಂತ, ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದವನು. ಆತನಿಗೆ ಗಂಡುಸಂತಾನವಿರಲಿಲ್ಲ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರದ ಅನುಮತಿ ಬೇಡಿದನು, ದೊರೆಯಲಿಲ್ಲ. ಮೇಲಿಂದ ಆಯುಧಗಳನ್ನೊಪ್ಪಿಸಬೇಕೆಂಬ ಆಜ್ಞೆ ಬಂದಿತು. ೧೮೫೮ರ ಮೇ ತಿಂಗಳ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಸಾಹೇಬನು ರಾಮದುರ್ಗಕ್ಕೆ ಬಂದನು. ಅಲ್ಲಿನ ಒಡೆಯನು ಬಾಬಾಸಾಹೇಬನ ಸೋದರ. ನರಗುಂದದ ಹಾದಿ ಹಿಡಿಯಬೇಡವೆಂದು ಅವನು ಸಾಹೇಬನಿಗೆ ಹೇಳಿದನು. ಮ್ಯಾನ್‌ಸನ್ ಕೇಳಲಿಲ್ಲ. ಮೇ ೨೯ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದ ಸವಾರರು ಮೇಲೆ ಬಿದ್ದು ಅವನನ್ನು ಕೊಂದರು. ಕಡಿದ ರುಂಡವು ನರಗುಂದದ ಅಗಸೆಯ ಮೇಲೆ ತೂಗಿತು.

ಅನಂತರ ನಡೆದದ್ದೆಲ್ಲ ಹದಿನೈದು ದಿನಗಳೊಳಗಿನ ಮಾತು. ಜೂನ್ ಮೊದಲಿನಲ್ಲಿ ಕರ್ನಲ್ ಮಾಲ್ಕಮ್‌ನ ದಂಡು ಬಂದಿತು. ಅಷ್ಟು ಬಲವಾದ ಕೋಟೆ ಹೆಚ್ಚು ಹೋರಾಟವಿಲ್ಲದೆ ಕೈಬಿಟ್ಟಿತು. ಒಳಗಿನವರೇ ಮದ್ದಿನಲ್ಲಿ ಬೆರಕೆ ಮಾಡಿದ್ದರೆಂದು ಜನ ಹೇಳುವರು. ಸೋತ ಕೋಟೆಗಳಲ್ಲೆಲ್ಲ ಇಂತಹ ಮಾತು ಹುಟ್ಟುವುದು ಸಹಜ, ಆದರೂ ನಾವು ಇದನ್ನು ಅಲ್ಲಗಳೆಯಲಾರೆವು. ಬಾಬಾಸಾಹೇಬನು ಪಂಢರಪುರದ ಯಾತ್ರಿಕರ ವೇಷದಲ್ಲಿ ಕಾಡಿನಲ್ಲಿ ಸಿಕ್ಕಿಬಿದ್ದನು. ಜೂನ್ ೧೨ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟಿದ್ದರು.

ಶ್ರೋತೃಗಳು ಗಮನಿಸಬೇಕು: ರುಂಡವಿಲ್ಲದ ಸಾಹೇಬ, ಗಲ್ಲಿಗೇರಿದ ಒಡೆಯ, ನೀರುಪಾಲಾದ ಇಬ್ಬರು ಹೆಂಗಸರು, ಪಾಳುಬಿದ್ದ ಕೋಟೆ. ಸ್ಕಾಟ್ಲೆಂಡಿನವರ ಕೈಗೆ ಇಷ್ಟು ಸಾಮಗ್ರಿ ಸಿಕ್ಕಿದ್ದರೆ ಅಮಾವಾಸ್ಯೆಗೊಂದರಂತೆ ಪ್ರೇತಗಳು ಗುಡ್ಡವಿಳಿದು ಬರುತ್ತಿದ್ದವು. ನಮ್ಮವರು ದೆವ್ವಗಳಿಗೆ ಬಡವರಲ್ಲ. ಹುಣಿಸೆಮರಕ್ಕೊಂದು, ಹಾಳುಬಾವಿಗೊಂದು ದೆವ್ವ ಇದ್ದೇ ಇದೆ. ಅಕಾಲಮರಣ ಹೊಂದಿದವರ ಆಸೆ ಹಿಂಗದೆಂಬ ನಂಬಿಕೆಯೂ ಬಲವಾಗಿದೆ. ಆದರೂ ನರಗುಂದದ ಹೆಸರಿನೊಡನೆ ಜನ ಮೊದಲು ನೆನೆಯುವುದು ಬಾಬಾಸಾಹೇಬನ ಬಂಡಾಯವನ್ನೇ ಹೊರತು ಅವನ ಪ್ರೇತವನ್ನಲ್ಲ. ಏಕೆ?

ಕೆಲವರು ಶ್ರಾದ್ಧತರ್ಪಣಗಳ ಫಲವೆನ್ನಬಹುದು. ಈ ಉತ್ತರ ನಮಗೆ ಸಾಲದು. ಜಾನೆಟ್ ಡಗ್ಲಸಳ ಊರಿನವರಿಗೆ ಅಂದು ಬಾಯಿಬಿಟ್ಟು ದೊರೆಯನ್ನು ದೂಷಿಸುವ ಧೈರ್ಯವಿರಲಿಲ್ಲ; ಹೇಳಲಾರದ ಮಾತು ನೆರಳಾಗಿ ಮಂದಿರದಲ್ಲಿ ಕುಳಿತಿತು. ನಮ್ಮ ಸೀಮೆಯಲ್ಲಿ ಹೇಳಲಾರದ ಮಾತನ್ನು ಹೊರಲು ಗೊಂದಲಿಗರೂ ಲಾವಣಿಕಾರರೂ ಇದ್ದರು. ಸಂಗೊಳ್ಳಿ ರಾಯಣ್ಣನೂ ಹಲಗಲಿಯ ಬೇಡರೂ ಹಾಡಾಗಿ ಉಳಿದರು. ಆ ಹಾಡುಗಳನ್ನು ಬರೆಸಿ ಅಚ್ಚುಹಾಕಿಸಿದವನು ಕಂಪನಿಯವರ ಕುಲದವನೇ ಆದ ಫ್ಲೀಟ್ ಸಾಹೇಬ! ಡಪ್ಪಿನ ಸದ್ದಿನೊಡನೆ ಊರೂರು ತಿರುಗಿದವನು ಹಾಳುಗೋಡೆಯ ಹಿಂದೆ ಅಡಗಬೇಕಾದ ಅಗತ್ಯವಿಲ್ಲವಷ್ಟೆ.

ಆದರೆ ಈ ವಾದದಲ್ಲೊಂದು ಕೊರತೆಯುಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಕಥೆಯನ್ನು ಹೇಳುವವರು ಬಾಬಾಸಾಹೇಬನ ವಿಷಯದಲ್ಲಿ ಬಹಳ ಹೊತ್ತು ನಿಲ್ಲುವರು. ಆ ಇಬ್ಬರು ಹೆಂಗಸರು ನದಿಯ ದಡಕ್ಕೆ ನಡೆದ ಇರುಳನ್ನು ಒಂದೇ ವಾಕ್ಯದಲ್ಲಿ ಮುಗಿಸುವರು. ನಾವೂ ಈಗತಾನೆ ಹಾಗೆಯೇ ಮುಗಿಸಿದೆವು. ಗ್ಲಾಮಿಸಿನಲ್ಲಿ ಆ ಸ್ತ್ರೀಗೆ ಕುಳಿತುಕೊಳ್ಳಲು ಒಂದು ಪೀಠವಾದರೂ ಇದೆ. ಅದರಲ್ಲಿ ಬೇರೆಯವರು ಕೂರುವುದಿಲ್ಲವಂತೆ.

ಗಜೇಂದ್ರಗಡದಲ್ಲಿ ಕಾಣದ ಕೈಗಳ ಕಥೆ ಬೇರೊಂದು ಬಗೆಯದು. ಅಲ್ಲಿಯೂ ಗುಡ್ಡದ ಮೇಲೆ ಘೋರ್ಪಡೆಯವರ ಕೋಟೆಯಿದೆ. ಆದರೆ ಜನರ ಭಯಭಕ್ತಿಗಳು ಕಾಲಕಾಲೇಶ್ವರನ ಬೆಟ್ಟದ ಕಡೆಗೆ ಹರಿದಿವೆ. ಯುಗಾದಿಯ ಹಿಂದಿನ ರಾತ್ರಿ ಗುಡಿಯಲ್ಲಿ ಸುಣ್ಣವನ್ನೂ ಬಳಿಯುವ ಕುಂಚವನ್ನೂ ಇಟ್ಟು ಬರುವರಂತೆ. ಬೆಳಗಾಗುವಷ್ಟರಲ್ಲಿ ಗೋಡೆಗೆ ಸುಣ್ಣ ಬಳಿದಿರುವುದಂತೆ. ಪರೀಕ್ಷಿಸಬೇಕೆಂಬ ಹಟ ನಮಗಿಲ್ಲ. ಪ್ರೇತವೇ ಇರಲಿ ದೇವರೇ ಇರಲಿ, ಹಬ್ಬದ ಮುನ್ನಾದಿನ ಸುಣ್ಣ ಬಳಿದುಕೊಡುವವರನ್ನು ಯಾವ ಗೃಹಸ್ಥನು ಬೇಡವೆಂದಾನು?

ಬೀದಿಬೀದಿಗೆ ವೀರಗಲ್ಲು, ಮಾಸ್ತಿಕಲ್ಲು ನೆಟ್ಟ ನಾಡಿದು. ಆ ವಾಡಿಕೆ ಇನ್ನೂ ಸತ್ತಿಲ್ಲವೆಂಬುದಕ್ಕೆ ನರಗುಂದವೇ ಸಾಕ್ಷಿ. ಆ ರಾಣಿಯರನ್ನು ನುಂಗಿದ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ, ಕಾಲುವೆಯ ಮೂಲಕ ನೀರನ್ನು ಈ ಎರೆಭೂಮಿಗೆ ತಂದರು. ನೀರಿನ ಹಿಂದೆಯೇ ಕರವೂ ಬಂದಿತು. ೧೯೮೦ರ ಜುಲೈ ೨೧ರಂದು ರೈತರು ಅದನ್ನು ಪ್ರತಿಭಟಿಸಿದಾಗ ಗುಂಡು ಹಾರಿತು. ರೈತರಲ್ಲಿಯೂ ಪೊಲೀಸರಲ್ಲಿಯೂ ಪ್ರಾಣಹಾನಿಯಾಯಿತು. ಅಂದು ಸತ್ತ ರೈತನಿಗೆ ಊರವರು ವೀರಗಲ್ಲು ನಿಲ್ಲಿಸಿದರು. ವರ್ಷವರ್ಷವೂ ಅದೇ ದಿನ ರೈತರು ಅಲ್ಲಿ ಕೂಡಿ ಕಲ್ಲಿಗೆ ಮಾಲೆ ಹಾಕುತ್ತಾರೆ.