ಗೋವೆಯ ಕುರ್ಚಿಯೂ ಗಣಿಯ ಕೂಲಿಯೂ



ನಮ್ಮ ಗಡಿಯ ಊರುಗಳಿಂದ ಗೋವೆಗೆ ದುಡಿಯಲು ಹೋದವರು ಬಹಳ. ವಾಸ್ಕೋದ ಬಂದರಿನಲ್ಲಿಯೂ ಡಿಚೋಲಿ, ಸತ್ತರಿ, ಸಾಂಗೆಗಳ ಗಣಿಸೀಮೆಯಲ್ಲಿಯೂ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಆದುದರಿಂದ ಆ ನಾಡಿನ ರಾಜಕಾರಣವು ನಮಗೆ ಪರರ ಮನೆಯ ಸುದ್ದಿಯಲ್ಲ. ಅಲ್ಲಿ ಗಣಿ ನಿಂತರೆ ಇಲ್ಲಿ ಒಲೆಯ ಮೇಲಿನ ಗಡಿಗೆ ಇಳಿಯುತ್ತದೆ.

ರಾಜಕಾರಣವೆಲ್ಲವೂ ವ್ಯರ್ಥವೆಂದು ಹೇಳುವವರು ನಾವಲ್ಲ. ಮಹಾರಾಷ್ಟ್ರದಲ್ಲಿ ಸೇರಬೇಕೋ ಪ್ರತ್ಯೇಕವಾಗಿ ಉಳಿಯಬೇಕೋ ಎಂದು 1967ರ ಜನವರಿ 16ರಂದು ಗೋವೆಯ ಜನರನ್ನು ಕೇಳಲಾಯಿತು. ಪ್ರತ್ಯೇಕತೆಗೆ 34,021 ಮತಗಳು ಹೆಚ್ಚಾಗಿ ಬಂದುವು, ಪ್ರಶ್ನೆ ತೀರಿತು. ಗಡಿಯವರಾದ ನಾವು ಅಂಥ ಪ್ರಶ್ನೆಯ ತೂಕವನ್ನು ಬಲ್ಲೆವು. ತೀರದೆ ಉಳಿದುದು ಕುರ್ಚಿಯ ಜಗಳ. 1990ರಲ್ಲಿ ಚರ್ಚಿಲ್ ಅಲೆಮಾವ್ ಅವರು 18 ದಿನ ಮುಖ್ಯಮಂತ್ರಿಗಳಾಗಿದ್ದರು; 1994ರಲ್ಲಿ ರವಿ ನಾಯಕರ ಎರಡನೆಯ ಆಡಳಿತಕ್ಕೆ ಆರೇ ದಿನಗಳ ಆಯುಸ್ಸು. ನಮ್ಮ ಶಾಲೆಯ ದಸರೆಯ ರಜೆಯೇ ಇದಕ್ಕಿಂತ ದೀರ್ಘವಾದುದು! 2022ರ ಚುನಾವಣೆಗೆ ಮೊದಲು ಕಾಂಗ್ರೆಸ್ ಅಭ್ಯರ್ಥಿಗಳು ಪಕ್ಷ ಬಿಡುವುದಿಲ್ಲವೆಂದು ಗುಡಿ, ಇಗರ್ಜಿ, ದರ್ಗಾಗಳಲ್ಲಿ ಆಣೆಯಿಟ್ಟರು. ಗೆದ್ದ ಹನ್ನೊಂದು ಜನರಲ್ಲಿ ಎಂಟು ಜನರು ಆ ಸೆಪ್ಟೆಂಬರಿನಲ್ಲಿಯೇ ಆಳುವ ಪಕ್ಷವನ್ನು ಸೇರಿದರು.

ಇತ್ತ ಗಣಿಯ ಗತಿಯೇನಾಯಿತು? ಗುತ್ತಿಗೆಗಳ ಅವಧಿ 2007ರ ನವೆಂಬರಿನಲ್ಲಿಯೇ ಮುಗಿದಿತ್ತೆಂದು ಸುಪ್ರೀಂ ಕೋರ್ಟು ಮುಂದೆ ತೀರ್ಪಿತ್ತಿತು. ಆದರೂ ಐದು ವರ್ಷ ಅದಿರು ಚೀನಕ್ಕೆ ಹರಿಯುತ್ತಲೇ ಇತ್ತು. ನ್ಯಾಯಮೂರ್ತಿ ಎಂ. ಬಿ. ಶಾ ಅವರ ಆಯೋಗವು ಅಕ್ರಮವನ್ನು ಬಯಲಿಗೆಳೆದ ಮೇಲೆ, 2012ರಲ್ಲಿ ಗಣಿಗಳೆಲ್ಲ ನಿಂತುವು. 2014ರಲ್ಲಿ ಕೋರ್ಟು ವರ್ಷಕ್ಕೆ ಎರಡು ಕೋಟಿ ಟನ್ನಿನ ಮಿತಿಯೊಳಗೆ ಮತ್ತೆ ಅಗೆಯಲು ಒಪ್ಪಿತು. ಆಗಲೇ ಹರಾಜು ನಡೆಸಬಹುದಿತ್ತು. ಸರಕಾರವು ಹಳಬರಿಗೇ 88 ಗುತ್ತಿಗೆಗಳನ್ನು ನವೀಕರಿಸಿಕೊಟ್ಟಿತು. ಕೋರ್ಟು 2018ರ ಫೆಬ್ರವರಿ 7ರಂದು ಅವನ್ನು ರದ್ದುಮಾಡಿತು. ಮಾರ್ಚ್ 16ರಿಂದ ಮತ್ತೆ ಎಲ್ಲವೂ ಸ್ತಬ್ಧ. ಮೊದಲ ಹರಾಜು ನಡೆದುದು 2022ರ ಡಿಸೆಂಬರಿನಲ್ಲಿ! ನಡುವೆ ಕಳೆದುದು ಹತ್ತು ವರ್ಷ.

ಕೋರ್ಟನ್ನು ನಾವು ದೂರುವುದಿಲ್ಲ. ಗಣಿಯ ಕೆಮ್ಮಣ್ಣು ಹೊಳೆಗಳಲ್ಲಿಯೂ ಗದ್ದೆಗಳಲ್ಲಿಯೂ ತುಂಬಿದುದು ಸುಳ್ಳಲ್ಲ. ದೂರಬೇಕಾದುದು ನಲವತ್ತು ಜನರ ಆ ವಿಧಾನಸಭೆಯನ್ನು. ಯಾರು ಯಾವ ಪಕ್ಷಕ್ಕೆ ಹಾರಿದರೆಂಬ ಲೆಕ್ಕದಲ್ಲಿ, ಎಷ್ಟು ಜನರ ಕೂಲಿ ಹೋಯಿತೆಂಬ ಲೆಕ್ಕ ಮುಳುಗಿಹೋಯಿತು. ಟ್ರಕ್ಕಿನ ಮಾಲಿಕರ ಸಾಲಕ್ಕೆ ಪರಿಹಾರದ ಯೋಜನೆಯೊಂದು ಬಂದಿತು, ಒಳ್ಳೆಯದೇ. ಕಾಗದದಲ್ಲಿ ಹೆಸರೇ ಇಲ್ಲದ ದಿನಗೂಲಿಯವನು ಮಾತ್ರ ಗಂಟು ಹೊತ್ತು ಊರಿಗೆ ಮರಳಿದನು. ಚುನಾವಣೆ ಬಂದಾಗ ಅವನೇ ‘ಹೊರಗಿನವನು’ ಎಂಬ ಕೂಗಿಗೆ ಗುರಿಯೂ ಆಗುತ್ತಾನೆ.

ಆದಕಾರಣ ನಮ್ಮ ಅರಿಕೆಯಿಷ್ಟು: ಮತ ಕೇಳಲು ಬಂದವರು ಗೋವೆಯವರಿರಲಿ, ನಮ್ಮವರಿರಲಿ, ವರ್ಷದಲ್ಲಿ ಎಷ್ಟು ತಿಂಗಳ ಕೆಲಸಕ್ಕೆ ಏನು ಏರ್ಪಾಡು ಮಾಡಿದ್ದೀರೆಂದು ಮೊದಲು ಕೇಳಿರಿ. ದುಡಿಯಲು ಹೋಗುವವರು ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಿಸದೆ ಕೆಲಸಕ್ಕೆ ನಿಲ್ಲಬಾರದು. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅರ್ಜಿ ಬರೆಯಲು ಬಾರದವರು ಸಂಜೆ ಶಾಲೆಗೆ ಬರಲಿ, ಬರೆದುಕೊಡಲು ನಾವಿದ್ದೇವೆ.