ಮೂವತ್ತೆರಡೋ, ಮೂವತ್ತೊಂದೋ?

ಒಂದು ಹಾಳೆ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಇಂದಿನ ಗಣಿತವನ್ನು ಕೇಳುವುದಕ್ಕಿಂತ ಮಾಡಿ ನೋಡುವುದೇ ಮೇಲು.

ಒಂದು ವೃತ್ತ ಎಳೆಯಿರಿ. ಪರಿಧಿಯ ಮೇಲೆ ಎರಡು ಬಿಂದುಗಳನ್ನು ಗುರುತಿಸಿ, ಸರಳರೇಖೆಯಿಂದ ಸೇರಿಸಿ. ವೃತ್ತ 2 ಭಾಗವಾಯಿತು. ಮೂರು ಬಿಂದುಗಳನ್ನಿಟ್ಟು, ಪ್ರತಿಯೊಂದನ್ನೂ ಉಳಿದವುಗಳಿಗೆ ಸೇರಿಸಿದರೆ 4 ಭಾಗ. ನಾಲ್ಕು ಬಿಂದುಗಳಿಗೆ 8. ಐದಕ್ಕೆ 16. ಹಾಗಾದರೆ ಆರು ಬಿಂದುಗಳಿಗೆ ಎಷ್ಟು?

32 ಎಂಬ ಉತ್ತರ ನಾಲಗೆಯ ತುದಿಗೆ ಬಂದಿತಲ್ಲವೆ? ಅವಸರ ಬೇಡ, ಬರೆದು ಎಣಿಸಿ. ಒಳಗೆ ಎಲ್ಲಿಯೂ ಮೂರು ರೇಖೆಗಳು ಒಂದೇ ಕಡೆ ಕೂಡದಂತೆ ಬಿಂದುಗಳನ್ನು ತುಸು ಸರಿಸಿ ಇಡಿ. ಎಷ್ಟು ಸಲ ಎಣಿಸಿದರೂ ಸಿಗುವುದು 31 ಮಾತ್ರ!

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಬಂದಿದ್ದ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗಿ ಸರಿಯಾಗಿ 31 ಎಣಿಸಿದ್ದಳು. ಪಕ್ಕದವರೆಲ್ಲ 32 ಬರೆದದ್ದನ್ನು ಕಂಡು ರಬ್ಬರಿನಿಂದ ಅಳಿಸಿಬಿಟ್ಟಳು. ಉತ್ತರ ಅವಳ ಕೈಯಲ್ಲಿತ್ತು, ಕಾರಣ ಇರಲಿಲ್ಲ. ಕಾರಣ ಗೊತ್ತಿಲ್ಲದಿದ್ದರೆ ಸರಿಯುತ್ತರವನ್ನೂ ಉಳಿಸಿಕೊಳ್ಳಲು ಧೈರ್ಯ ಸಾಲದು.

ಆ ಕಾರಣವನ್ನೇ ಹುಡುಕೋಣ. ಖಾಲಿ ವೃತ್ತ ಒಂದೇ ಭಾಗ. ರೇಖೆಗಳನ್ನು ಒಂದೊಂದಾಗಿ ಎಳೆಯುತ್ತ ಹೋಗಿ. ಪ್ರತಿ ಹೊಸ ರೇಖೆ ಒಂದು ಭಾಗವನ್ನು ಹೆಚ್ಚಿಸುತ್ತದೆ. ದಾರಿಯಲ್ಲಿ ಹಳೆಯ ರೇಖೆಯನ್ನು ದಾಟಿದಾಗಲೆಲ್ಲ ಮತ್ತೊಂದು ಹೆಚ್ಚುತ್ತದೆ. ಎಂದರೆ, ಒಟ್ಟು ಭಾಗಗಳು = 1 + ರೇಖೆಗಳು + ರೇಖೆಗಳು ಛೇದಿಸುವ ಸ್ಥಳಗಳು.

ಆರು ಬಿಂದುಗಳಲ್ಲಿ ಪ್ರತಿಯೊಂದೂ ಉಳಿದ ಐದಕ್ಕೆ ಸೇರುತ್ತದೆ, ಆರೈದು ಮೂವತ್ತು. ಆದರೆ ಪ್ರತಿ ರೇಖೆಯನ್ನೂ ಎರಡು ತುದಿಗಳಿಂದ ಎಣಿಸಿದ್ದೇವೆ. ಆದ್ದರಿಂದ ರೇಖೆಗಳು 15. ಇನ್ನು ಛೇದಿಸುವ ಸ್ಥಳಗಳು. ಯಾವ ನಾಲ್ಕು ಬಿಂದುಗಳನ್ನು ಆರಿಸಿದರೂ ಒಂದು ಚತುರ್ಭುಜವಾಗುತ್ತದೆ. ಅದರ ಕರ್ಣಗಳು ಒಂದೇ ಕಡೆ ಛೇದಿಸುತ್ತವೆ. ಆರರಲ್ಲಿ ನಾಲ್ಕನ್ನು ಆರಿಸುವುದೆಂದರೆ ಎರಡನ್ನು ಬಿಡುವುದು. ಎರಡೆರಡರ ಜೋಡಿಗಳು 15 ಎಂದು ಈಗ ತಾನೆ ಕಂಡೆವು. ಹಾಗಾಗಿ 1 + 15 + 15 = 31.

ಐದು ಬಿಂದುಗಳಿಗೆ ಇದೇ ಲೆಕ್ಕ 1 + 10 + 5 = 16. ಇಮ್ಮಡಿಯಾಗುತ್ತಿದೆ ಎಂದು ನಮಗೆ ತೋರಿತಷ್ಟೆ. ಇಮ್ಮಡಿಸುವ ನಿಯಮ ಅಲ್ಲಿರಲೇ ಇಲ್ಲ.

ಹಾಗೆಂದು ಊಹಿಸುವುದನ್ನು ಬಿಡಬೇಡಿ. ಊಹೆಯಿಲ್ಲದೆ ಗಣಿತ ಮುಂದೆ ಸಾಗದು. ಊಹಿಸಿ, ಪರೀಕ್ಷಿಸಿ, ಬಳಿಕ ‘ಏಕೆ?’ ಎಂದು ಕೇಳಿ. ಸೂತ್ರ ಮರೆತುಹೋದ ದಿನವೂ ಈ ಅಭ್ಯಾಸ ನಿಮ್ಮನ್ನು ಕಾಯುತ್ತದೆ.

ಕೊನೆಗೊಂದು ಮನೆಗೆಲಸ. 1 + 3 = 4, 1 + 3 + 5 = 9, 1 + 3 + 5 + 7 = 16. ಬೆಸ ಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡುತ್ತ ಹೋದರೆ ಯಾವಾಗಲೂ ವರ್ಗಸಂಖ್ಯೆಯೇ ಬರುತ್ತದೆಯೆ, ಅಥವಾ ಇದೂ ಎಲ್ಲೋ ಕೈಕೊಡುತ್ತದೆಯೆ? ಹುಣಸೆ ಬೀಜಗಳನ್ನು ಚೌಕವಾಗಿ ಜೋಡಿಸುತ್ತ ಯೋಚಿಸಿ. ಉತ್ತರ ಸಿಕ್ಕಿದರೆ ಸಾಲದು, ಕಾರಣವನ್ನು ನಿಮ್ಮ ತಮ್ಮನಿಗೋ ತಂಗಿಗೋ ಒಪ್ಪಿಗೆಯಾಗುವಂತೆ ಹೇಳಿ.