ಅಕ್ಷರದ ಊರು, ಅಂಕಿಯ ಊರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಸಾಫ್ಟ್‌ವೇರ್ ಕೆಲಸದವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಕಾದಿರಬಹುದು. ನಾನು ಒಂದು ಕಥೆ ಹೇಳುತ್ತೇನೆ. ಇದು ಅಮೆರಿಕದ ಮಕ್ಕಳು ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಓದುತ್ತಿರುವ ಕಥೆ. ಒಡೆದುಹೋದ ಒಂದು ರಾಜ್ಯವನ್ನು ಒಬ್ಬ ಹುಡುಗ ಉಳಿಸಿದ ಕಥೆ. ಪುಸ್ತಕದ ಹೆಸರು 'ದಿ ಫ್ಯಾಂಟಮ್ ಟೋಲ್‌ಬೂತ್'. ಕನ್ನಡದಲ್ಲಿ ಹೇಳುವುದಾದರೆ 'ಮಾಯದ ಟೋಲ್‌ಗೇಟ್'.

ಬರೆದವರು ನಾರ್ಟನ್ ಜಸ್ಟರ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಅವರು ವೃತ್ತಿಯ ಸಾಹಿತಿಯಲ್ಲ, ಕಟ್ಟಡಗಳ ನಕ್ಷೆ ಮಾಡುವ ಆರ್ಕಿಟೆಕ್ಟ್. ನಗರಗಳ ಬಗ್ಗೆ ಮಕ್ಕಳಿಗೊಂದು ಪುಸ್ತಕ ಬರೆಯಲು ಫೋರ್ಡ್ ಫೌಂಡೇಶನ್ ಅವರಿಗೆ ಧನಸಹಾಯ ಕೊಟ್ಟಿತ್ತು. ಆ ಕೆಲಸದಿಂದ ತಲೆ ತಪ್ಪಿಸಿಕೊಳ್ಳಲು ಗೀಚಲು ಶುರು ಮಾಡಿದ್ದೇ ಈ ಕಥೆ. ಅದೇ ಕಟ್ಟಡದಲ್ಲಿ ವಾಸವಿದ್ದ ವ್ಯಂಗ್ಯಚಿತ್ರಕಾರ ಜೂಲ್ಸ್ ಫೈಫರ್ ಚಿತ್ರ ಬರೆದುಕೊಟ್ಟರು. 1961ರಲ್ಲಿ ಪುಸ್ತಕ ಬಂತು. ನಗರಗಳ ಪುಸ್ತಕ ಮಾತ್ರ ಬರಲೇ ಇಲ್ಲ. ಜಸ್ಟರ್ 2021ರಲ್ಲಿ ತೀರಿಕೊಂಡರು.

ನನಗೆ ಇದು ಸಿಕ್ಕಿದ್ದು ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಕನ್ನಡ ಮಾಧ್ಯಮದಿಂದ ಹೋದವನು, ಇಂಗ್ಲಿಷ್ ಸಲೀಸಾಗಲಿ ಎಂದು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಮಕ್ಕಳ ಪುಸ್ತಕ ಹುಡುಕುತ್ತಿದ್ದೆ. ಭಾಷೆ ಕಲಿಯಲು ಕೊಂಡ ಪುಸ್ತಕ ಬೇರೆಯದೇ ಪಾಠ ಹೇಳಿತು.

ಕಥೆಯ ಹುಡುಗ ಮೈಲೋ. ಅವನಿಗೆ ಯಾವುದರಲ್ಲೂ ಆಸಕ್ತಿಯಿಲ್ಲ. ಶಾಲೆಯಲ್ಲಿದ್ದಾಗ ಹೊರಗೆ ಹೋಗಬೇಕು, ಹೊರಗಿದ್ದಾಗ ಒಳಗೆ ಬರಬೇಕು. ಓದುವುದಂತೂ ಕಾಲಹರಣ ಅಂತ ಅವನ ಲೆಕ್ಕ. ಇಂಥ ಮಕ್ಕಳನ್ನು ನಮ್ಮ ಮೇಷ್ಟ್ರುಗಳು ಕಂಡಿಲ್ಲವೆಂದು ಯಾರೂ ಹೇಳಲಾರರು. ಒಂದು ದಿನ ಶಾಲೆಯಿಂದ ಬಂದರೆ ಕೋಣೆಯಲ್ಲಿ ದೊಡ್ಡ ಪೊಟ್ಟಣ. ಬಿಚ್ಚಿದರೆ ಒಂದು ಟೋಲ್‌ಗೇಟು, ನಾಣ್ಯಗಳು, ಒಂದು ನಕ್ಷೆ. ತನ್ನ ಆಟದ ಕಾರು ಹತ್ತಿ ಗೇಟು ದಾಟುತ್ತಾನೆ. ಆಚೆ ಬೇರೆಯೇ ಲೋಕ.

ದಾರಿಯಲ್ಲಿ ಸಿಗುವುದು ಸೋಮಾರಿಗಳ ನಾಡು. ಅಲ್ಲಿ ಯೋಚನೆ ಮಾಡುವುದೇ ಕಾನೂನಿಗೆ ವಿರುದ್ಧ. ಮೈಲೋ ಯೋಚಿಸುವುದನ್ನು ನಿಲ್ಲಿಸಿದ್ದಕ್ಕೇ ಕಾರು ನಿಂತುಹೋಗಿರುತ್ತದೆ. ಅವನನ್ನು ಅಲ್ಲಿಂದ ಎಬ್ಬಿಸುವುದು ಟಾಕ್ ಎಂಬ ನಾಯಿ. ಕಾವಲು ನಾಯಿಗೆ ಇಂಗ್ಲಿಷಿನಲ್ಲಿ ವಾಚ್‌ಡಾಗ್ ಎನ್ನುತ್ತಾರಲ್ಲ, ಇದು ಮೈಯೇ ಗಡಿಯಾರವಾಗಿರುವ ನಾಯಿ! ಯಾರಾದರೂ ಸಮಯ ಕೊಲ್ಲುತ್ತಿದ್ದರೆ ಅದಕ್ಕೆ ಕೆಂಡದಂಥ ಕೋಪ. ಯೋಚಿಸು, ಕಾರು ಹೊರಡುತ್ತದೆ ಎಂದು ದಾರಿ ಹೇಳಿಕೊಡುವುದೂ ಅದೇ.

ಆ ಲೋಕದ ಹೆಸರು ಜ್ಞಾನರಾಜ್ಯ. ಅದನ್ನು ಕಟ್ಟಿದ ರಾಜನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನೋ ಕಿರಿಯವನೋ ಎಂಬ ಗೊಡವೆ ಬೇಡ, ಒಬ್ಬ ಅಕ್ಷರದ ಊರು ಕಟ್ಟಿದ, ಇನ್ನೊಬ್ಬ ಅಂಕಿಯ ಊರು ಕಟ್ಟಿದ. ಅಕ್ಷರದ ಊರಿನ ಸಂತೆಯಲ್ಲಿ ಪದಗಳನ್ನು ರಾಶಿ ಹಾಕಿ ಮಾರುತ್ತಾರೆ. ಅಲ್ಲಿನ ಔತಣದಲ್ಲಿ ನೀವು ಆಡಿದ ಮಾತೇ ತಟ್ಟೆಗೆ ಬರುತ್ತದೆ. ಕೊಟ್ಟ ಮಾತನ್ನು ನುಂಗುವವರು ನಮ್ಮಲ್ಲೂ ಇದ್ದಾರೆ; ಅಲ್ಲಿ ಅದೇ ಊಟ. ಅಂಕಿಯ ಊರಿನಲ್ಲಿ ಗಣಿ ತೋಡಿ ಅಂಕಿಗಳನ್ನು ತೆಗೆಯುತ್ತಾರೆ. ಮಣ್ಣಿನ ಜೊತೆ ಬಂದ ವಜ್ರ ವೈಡೂರ್ಯಗಳನ್ನು ಕಸವೆಂದು ಪಕ್ಕಕ್ಕೆ ಎಸೆಯುತ್ತಾರೆ. ಅಲ್ಲಿ ಬಡಿಸುವ ಸಾರು ಕಳೆಯುವ ಲೆಕ್ಕದ ಸಾರು: ಉಂಡಷ್ಟೂ ಹಸಿವು ಹೆಚ್ಚುತ್ತದೆ.

ಆ ಅಣ್ಣತಮ್ಮಂದಿರಿಗೆ ಒಂದು ದಿನ ಜಗಳ ಬಂತು. ಅಕ್ಷರ ದೊಡ್ಡದೋ, ಅಂಕಿ ದೊಡ್ಡದೋ? ಅರಮನೆಯಲ್ಲಿ ಬೆಳೆದ ಇಬ್ಬರು ಸಾಕು ತಂಗಿಯರ ಬಳಿ ನ್ಯಾಯ ಹೋಯಿತು. ಅವರ ಹೆಸರು ರೈಮ್ ಮತ್ತು ರೀಸನ್, ಅಂದರೆ ಪ್ರಾಸ ಮತ್ತು ವಿವೇಕ. ನಾವು ತಲೆಬುಡವಿಲ್ಲದ್ದು ಎನ್ನುವುದನ್ನು ಇಂಗ್ಲಿಷಿನವರು ರೈಮೂ ಇಲ್ಲ, ರೀಸನ್ನೂ ಇಲ್ಲ ಎನ್ನುತ್ತಾರೆ. ಹೆಸರು ಬಂದದ್ದು ಅಲ್ಲಿಂದ. ಎರಡೂ ಸಮ ಎಂದು ತಂಗಿಯರು ತೀರ್ಪು ಕೊಟ್ಟರು. ಅಣ್ಣಂದಿರಿಬ್ಬರಿಗೂ ಸಿಟ್ಟು ಬಂತು. ಎಂದೂ ಒಂದಾಗದವರು ಆ ಒಂದು ವಿಷಯದಲ್ಲಿ ಒಂದಾಗಿ ತಂಗಿಯರನ್ನು ಗಾಳಿಯಲ್ಲಿ ತೇಲುವ ಕೋಟೆಗೆ ಅಟ್ಟಿದರು. ಅಂದಿನಿಂದ ಆ ರಾಜ್ಯದಲ್ಲಿ ಯಾವುದಕ್ಕೂ ತಲೆಬುಡವಿಲ್ಲ. ಅವರನ್ನು ಕರೆತರಲು ಹೊರಡುವವನೇ ಮೈಲೋ.

ಹೊರಡಲು ಇಬ್ಬರು ರಾಜರ ಒಪ್ಪಿಗೆಯೂ ಬೇಕು. ಅಕ್ಷರದ ರಾಜ ಒಪ್ಪಿದ. ಅವನು ಒಪ್ಪಿದ್ದಕ್ಕೆ ನಾನು ಒಪ್ಪುವುದಿಲ್ಲ ಎಂದ ಅಂಕಿಯ ರಾಜ. ಆಗ ಮೈಲೋ ಕೇಳುತ್ತಾನೆ: ಅವರು ಒಪ್ಪಿದ್ದನ್ನು ನೀವು ಒಪ್ಪುವುದಿಲ್ಲ, ನೀವು ಒಪ್ಪಿದ್ದನ್ನು ಅವರು ಒಪ್ಪುವುದಿಲ್ಲ, ಹಾಗಾದರೆ ಒಬ್ಬರನ್ನೊಬ್ಬರು ಒಪ್ಪಬಾರದು ಎಂಬುದನ್ನು ಇಬ್ಬರೂ ಒಪ್ಪಿದ ಹಾಗಾಯಿತಲ್ಲ? ರಾಜ ಸಿಕ್ಕಿಬಿದ್ದ. ಇಂಥ ಲಾಜಿಕ್ ಬಿಡಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ ಮಕ್ಕಳೇ, ಮನೆಗೆ ಹೋಗಿ ನಿಧಾನವಾಗಿ ಬಿಡಿಸಿ ನೋಡಿ.

ಹೊರಡುವಾಗ ಅಕ್ಷರದ ರಾಜ ಒಂದು ಡಬ್ಬಿ ತುಂಬ ಪದಗಳನ್ನು ಕೊಡುತ್ತಾನೆ. ಅಂಕಿಯ ರಾಜ ಪೆನ್ಸಿಲ್ಲಿನಂಥ ಮಂತ್ರದಂಡ ಕೊಡುತ್ತಾನೆ. ಮುಂದೆ ಅಜ್ಞಾನದ ಬೆಟ್ಟಗಳು, ಅಲ್ಲಿ ರಾಕ್ಷಸರು. ಮುಖವೇ ಇಲ್ಲದ, ನಯವಾದ ಮಾತಿನ ಒಬ್ಬ ಎದುರಾಗಿ ಇವರಿಗೆ ಕೆಲಸ ಹಚ್ಚುತ್ತಾನೆ: ಚಿಮಟದಲ್ಲಿ ಒಂದೊಂದೇ ಕಾಳು ಎತ್ತಿ ಮರಳಿನ ರಾಶಿ ಸಾಗಿಸುವುದು, ಔಷಧಿ ಹನಿ ಹಾಕುವ ನಳಿಗೆಯಲ್ಲಿ ಬಾವಿ ಬರಿದು ಮಾಡುವುದು, ಸೂಜಿಯಿಂದ ಬಂಡೆ ಕೊರೆಯುವುದು. ಗಂಟೆಗಟ್ಟಲೆ ಮಾಡುತ್ತಾರೆ. ಕೊನೆಗೆ ಮೈಲೋ ಮಂತ್ರದಂಡ ತೆಗೆದು ಲೆಕ್ಕ ಹಾಕುತ್ತಾನೆ. ಮುಗಿಯಲು 837 ವರ್ಷ ಬೇಕು! ಆಗ ಕಣ್ಣು ತೆರೆಯುತ್ತದೆ. ಉಪಯೋಗವಿಲ್ಲದ ಕೆಲಸದಲ್ಲಿ ಜನರನ್ನು ಮುಳುಗಿಸುವುದೇ ಆ ರಾಕ್ಷಸನ ಕಸುಬು. ಫೋನಿನಲ್ಲಿ ಒಂದಾದ ಮೇಲೊಂದು ರೀಲ್ಸ್ ತಳ್ಳುವಾಗ ನನಗೆ ಈ ಮುಖವಿಲ್ಲದವನ ನೆನಪಾಗುತ್ತದೆ.

ಆಮೇಲೆ ಅಂಟಂಟಾದ ಒಬ್ಬ ದೈತ್ಯ. ಅವನಿಗೆ ಹೆದರಿಕೆಯೆಂದರೆ ವಿಚಾರಗಳದ್ದು. ಮೈಲೋ ಪದಗಳ ಡಬ್ಬಿ ತೆರೆದದ್ದೇ ತಡ, ಅವನು ಸೋತ. ಆಮೇಲೊಬ್ಬ ಗುಮಾಸ್ತ, ದೊಡ್ಡ ಲೆಡ್ಜರಿನವನು. ಹೆಸರು, ಹುಟ್ಟಿದ್ದು ಯಾವಾಗ, ಎಲ್ಲಿ, ಏಕೆ ಎಂದು ಮುಗಿಯದ ಪ್ರಶ್ನೆ ಕೇಳುತ್ತಾ ನಿಮ್ಮ ಗುರಿಯ ನೆನಪನ್ನೇ ಕಿತ್ತುಕೊಳ್ಳುತ್ತಾನೆ. ಅವನು ಕಿತ್ತುಕೊಳ್ಳಲಾಗದ್ದು ಒಂದೇ, ನಗು. ನಗುವಿನಿಂದಲೇ ಇವರು ಪಾರಾದರು. ಸರ್ಕಾರಿ ಕಚೇರಿಗೆ ಅಲೆದ ಹಿರಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಗಮನಿಸಿ. ಒಂದು ಕಡೆ ಅಂಕಿ ಕಾಪಾಡಿತು, ಇನ್ನೊಂದು ಕಡೆ ಅಕ್ಷರ ಕಾಪಾಡಿತು. ಡಬ್ಬಿ ಮಾತ್ರ ಇದ್ದಿದ್ದರೆ ಮೈಲೋ ಇನ್ನೂ ಮರಳಿನ ಕಾಳು ಎತ್ತುತ್ತಿದ್ದ. ದಂಡ ಮಾತ್ರ ಇದ್ದಿದ್ದರೆ ದೈತ್ಯನ ಹೊಟ್ಟೆ ಸೇರುತ್ತಿದ್ದ. ಇಬ್ಬರು ತಂಗಿಯರು ಕೊಟ್ಟ ತೀರ್ಪು ಸರಿಯೆಂದು ದಾರಿಯೇ ಸಾಬೀತು ಮಾಡಿತು.

ನನ್ನ ಕೆಲಸದ್ದೇ ಒಂದು ಉದಾಹರಣೆ ಹೇಳುತ್ತೇನೆ. ಸಾಲದ ಲೆಕ್ಕ ಇಡುವ ಪ್ರೋಗ್ರಾಂ ಬರೆಯಬೇಕು ಎನ್ನಿ. ತಿಂಗಳಿಗೊಮ್ಮೆ ಬಡ್ಡಿ ಹಾಕಿ ಎಂದು ಒಂದು ಸಾಲು ಬರೆದು ಕೊಡುತ್ತಾರೆ. ತಿಂಗಳೆಂದರೆ 30 ದಿನವೋ, ಕ್ಯಾಲೆಂಡರಿನ ತಿಂಗಳೋ? 30 ದಿನದಂತೆ ಹನ್ನೆರಡು ತಿಂಗಳಿಗೆ 360 ದಿನ, ವರ್ಷಕ್ಕೆ 365. ಆ ಐದು ದಿನದ ಬಡ್ಡಿ ಯಾರ ಜೇಬಿಗೆ? ಕಂಪ್ಯೂಟರಿಗೆ ಗುಣಾಕಾರ ಗೊತ್ತು, ತಿಂಗಳು ಎಂಬ ಪದದ ಅರ್ಥ ಗೊತ್ತಿಲ್ಲ. ಅದನ್ನು ಒಬ್ಬ ಮನುಷ್ಯ ಕೇಳಿ, ಸ್ಪಷ್ಟವಾದ ವಾಕ್ಯದಲ್ಲಿ ಬರೆಯಬೇಕು. ಈ ಶಾಲೆಯಲ್ಲಿ ಕಲಿತ ಗಣಿತದಷ್ಟೇ, ಕನ್ನಡ ಪೀರಿಯಡ್ಡಿನಲ್ಲಿ ಬರೆದ ಪ್ರಬಂಧಗಳೂ ನನ್ನ ಸಂಬಳದಲ್ಲಿ ಪಾಲುದಾರರು.

ಆದರೂ ನಾವು ಮಕ್ಕಳನ್ನು ಎರಡು ಊರಾಗಿ ಒಡೆಯುತ್ತಲೇ ಇದ್ದೇವೆ. ನಾವು ಎಸ್ಸೆಸ್ಸೆಲ್ಸಿ ಬರೆದಾಗ ಒಟ್ಟು 625 ಅಂಕ. ಅದರಲ್ಲಿ ಪ್ರಥಮ ಭಾಷೆಗೆ 125, ಗಣಿತಕ್ಕೆ 100. ಫಲಿತಾಂಶ ಬಂದ ದಿನ ಮಾತ್ರ ಎಲ್ಲರೂ ಕೇಳಿದ್ದು "ಮ್ಯಾಥ್ಸಿಗೆ ಎಷ್ಟಪ್ಪಾ?" ಹೆಚ್ಚು ಬಂದವನು ಸೈನ್ಸಿಗೆ, ಕಡಿಮೆ ಬಂದವಳು ಆರ್ಟ್ಸಿಗೆ. ಹದಿನಾರರ ಹುಡುಗಿ "ನನಗೆ ಲೆಕ್ಕ ಬರಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಇಂಜಿನಿಯರ್ ಹುಡುಗ "ನನಗೆ ಬರೆಯೋಕೆ ಬರಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಾನೆ.

ನಮ್ಮ ನಾಡಿನ ಚರಿತ್ರೆ ಹೀಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ' ಬಂತು. ಅದೇ ದೊರೆಯ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಲೆಕ್ಕದ ಪುಸ್ತಕ, ಆದರೆ ಇರುವುದು ಸಂಸ್ಕೃತ ಪದ್ಯದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಅಷ್ಟು ದೂರ ಏಕೆ, ನಾವು ರಾಗವಾಗಿ ಕೂಗಿ ಕಲಿತ ಮಗ್ಗಿ ಅಕ್ಷರವೋ, ಅಂಕಿಯೋ?

ಇನ್ನು ನಮ್ಮ ಮನೆಯ ಜಗಳಕ್ಕೆ ಬರುತ್ತೇನೆ. ಹಳೆಯ ವಿದ್ಯಾರ್ಥಿಗಳ ಸಂಘ ಕೂಡಿಸಿದ ಹಣದಲ್ಲಿ ಕಂಪ್ಯೂಟರ್ ಕೊಠಡಿ ಮಾಡಬೇಕೋ, ಗ್ರಂಥಾಲಯ ಮಾಡಬೇಕೋ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ತಿಂಗಳಿಂದ ಯುದ್ಧ ನಡೆದಿದೆ. ಇಬ್ಬರು ಗುಂಪು ಬಿಟ್ಟೂ ಹೋಗಿದ್ದಾರೆ. ಇಂದು ಮಧ್ಯಾಹ್ನ ತೀರ್ಮಾನವಾಗಬೇಕು. ನಾನು ಕಂಪ್ಯೂಟರ್ ಪಕ್ಷ ಎಂದು ಎಲ್ಲರೂ ಎಣಿಸಿದ್ದಾರೆ. ನಾನು ಆ ಇಬ್ಬರು ತಂಗಿಯರ ಪಕ್ಷ.

ಒಂದೇ ಕೊಠಡಿ ಇರಲಿ. ಒಂದು ಗೋಡೆಗೆ ಪುಸ್ತಕ, ಎದುರು ಗೋಡೆಗೆ ಕಂಪ್ಯೂಟರ್, ನಡುವೆ ಮಕ್ಕಳು ಕೂತು ಬರೆಯಲು ಮೇಜು. ದುಡ್ಡು ಎರಡಕ್ಕೂ ಸಾಲದಿದ್ದರೆ ಹತ್ತರ ಬದಲು ಐದು ಕಂಪ್ಯೂಟರ್ ಕೊಳ್ಳೋಣ. ಎರಡೂ ಸಾಯುವ ರೀತಿ ಒಂದೇ ಎಂಬುದನ್ನು ಮರೆಯಬೇಡಿ. ಯುಪಿಎಸ್ ಬ್ಯಾಟರಿ ಹೋಯಿತೆಂದು ಕಂಪ್ಯೂಟರಿಗೆ ಬಟ್ಟೆ ಹೊದಿಸುತ್ತಾರೆ, ಪುಸ್ತಕ ಕಳೆದೀತೆಂದು ಬೀರುವಿಗೆ ಬೀಗ ಹಾಕುತ್ತಾರೆ. ಬ್ಯಾಟರಿಗೆ ಪ್ರತ್ಯೇಕ ಹಣ ಎತ್ತಿಡೋಣ. ಬೀರುವಿನ ಕೀಲಿ ಎಂಟನೆಯ ತರಗತಿಯ ಇಬ್ಬರು ಮಕ್ಕಳ ಕೈಯಲ್ಲಿರಲಿ. ಪುಸ್ತಕ ಕಳೆದರೆ ಯಾರೋ ಓದುತ್ತಿದ್ದಾರೆ ಎಂದುಕೊಳ್ಳೋಣ. ತಿಂಗಳಿಗೆ ಒಂದು ಶನಿವಾರ ನಾನು ಬಂದು ಪಾಠ ಮಾಡುತ್ತೇನೆ. ಇಲ್ಲಿ ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳು!

ಕಥೆಯ ಕೊನೆ ಹೇಳಲಿಲ್ಲ ಅಲ್ಲವೇ? ಮೈಲೋ ಕೋಟೆ ಹತ್ತಿ ರಾಜಕುಮಾರಿಯರನ್ನು ಕಂಡ. ಆದರೆ ರಾಕ್ಷಸರು ಮೆಟ್ಟಿಲು ಕತ್ತರಿಸಿದ್ದರು. ಆಗ ಟಾಕ್ ಎಲ್ಲರನ್ನೂ ಬೆನ್ನ ಮೇಲೆ ಹೊತ್ತು ಗಾಳಿಗೆ ಜಿಗಿಯಿತು. ಕಾಲ ಓಡುತ್ತದೆ ಎಂದು ನಾವು ಹೇಳುವುದನ್ನು ಇಂಗ್ಲಿಷಿನವರು ಕಾಲ ಹಾರುತ್ತದೆ ಎನ್ನುತ್ತಾರೆ. ಗಡಿಯಾರದ ನಾಯಿ ಹಾರದೆ ಇದ್ದೀತೇ? ತಂಗಿಯರು ಮನೆಗೆ ಬಂದರು, ಅಣ್ಣತಮ್ಮಂದಿರು ಒಂದಾದರು.

ಹೊರಡುವ ಮೊದಲೇ ರಾಜರು ಮೈಲೋಗೆ ಒಂದು ವಿಷಯ ಬಾಕಿ ಇದೆ, ಮರಳಿ ಬಂದ ಮೇಲೆ ಹೇಳುತ್ತೇವೆ ಎಂದಿದ್ದರು. ಈಗ ಹೇಳಿದರು: ಈ ಕೆಲಸ ಆಗುವಂಥದ್ದೇ ಆಗಿರಲಿಲ್ಲ. ಮೊದಲೇ ಹೇಳಿದ್ದರೆ ನೀನು ಹೊರಡುತ್ತಲೇ ಇರಲಿಲ್ಲವೇನೋ.

ಐವತ್ತು ವರ್ಷದ ಹಿಂದೆ ಈ ಊರಿನಲ್ಲಿ ಹೈಸ್ಕೂಲು ಆಗದ ಮಾತು ಎಂದವರು ಇದ್ದರಂತೆ. ಅದನ್ನು ಕಿವಿಗೆ ಹಾಕಿಕೊಳ್ಳದೆ ಕಲ್ಲು ಹೊತ್ತ ಹಿರಿಯರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಮಕ್ಕಳೇ, ನಿಮಗೆ ಯಾವುದು ಆಗುವುದಿಲ್ಲ ಎಂಬ ಪಟ್ಟಿಯನ್ನು ನಿಮ್ಮ ಕೈಗೆ ಕೊಡಲು ಬಹಳ ಜನ ಕಾದಿರುತ್ತಾರೆ. ಹೋಗಿ ಬಂದ ಮೇಲೆ ಓದುತ್ತೇವೆ ಎಂದು ಹೇಳಿ ಹೊರಡಿ. ಹೊರಡುವಾಗ ಡಬ್ಬಿಯನ್ನೂ ದಂಡವನ್ನೂ ಎರಡನ್ನೂ ಜೇಬಿನಲ್ಲಿಟ್ಟುಕೊಳ್ಳಿ.